ಕಾನೂನು ಸಂಶೋಧನಾ ಲೇಖನ

ಕಾನೂನು ಸಂಶೋಧನಾ ಲೇಖನವು ಕಾನೂನಿಗೆ ಸಂಬಂಧಿಸಿದ ಒಂದು ನಿರ್ದಿಷ್ಟ ಪ್ರಶ್ನೆಯನ್ನು ಎತ್ತಿಕೊಂಡು, ಸಂವಿಧಾನ, ಅಧಿನಿಯಮಗಳು, ತೀರ್ಪುಗಳು ಹಾಗೂ ವಿದ್ವಾಂಸರ ಬರಹಗಳ ಆಧಾರದಿಂದ ಅದಕ್ಕೆ ಉತ್ತರ ಹುಡುಕುವ ಶೈಕ್ಷಣಿಕ ಬರಹವಾಗಿದೆ. ಇಂತಹ ಲೇಖನಗಳು ಸಾಮಾನ್ಯವಾಗಿ ಕಾನೂನು ನಿಯತಕಾಲಿಕೆಗಳಲ್ಲಿ ಪ್ರಕಟವಾಗುತ್ತವೆ. ಲೇಖನದಲ್ಲಿ ವ್ಯಕ್ತವಾದ ಅಭಿಪ್ರಾಯಕ್ಕೆ ನ್ಯಾಯಾಲಯಗಳು ಬದ್ಧವಲ್ಲ. ಆದರೆ ಅದರ ತರ್ಕವು ಒಪ್ಪುವಂತಿದ್ದರೆ ನ್ಯಾಯಮೂರ್ತಿಗಳು ತೀರ್ಪಿನಲ್ಲಿ ಅದನ್ನು ಉಲ್ಲೇಖಿಸುವುದುಂಟು.

ಇತಿಹಾಸ

ಅಮೆರಿಕದ ಹಾರ್ವರ್ಡ್ ಲಾ ರಿವ್ಯೂ 1887ರಲ್ಲಿ ಆರಂಭವಾಯಿತು. ಇದನ್ನು ಕಾನೂನು ವಿದ್ಯಾರ್ಥಿಗಳೇ ಸಂಪಾದಿಸುತ್ತಾರೆ. ಭಾರತದಲ್ಲಿ 1956ರಲ್ಲಿ ನವದೆಹಲಿಯಲ್ಲಿ ಸ್ಥಾಪನೆಯಾದ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ ತನ್ನದೇ ಆದ ತ್ರೈಮಾಸಿಕವನ್ನು ಪ್ರಕಟಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ ವಿದ್ಯಾರ್ಥಿ ಸಂಪಾದಿತ ಪತ್ರಿಕೆಗಳಲ್ಲೊಂದು.

ಪ್ರಭಾವ ಬೀರಿದ ಬರಹಗಳು

* ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿಸ್ ಬ್ರಾಂಡೈಸ್ 1890ರಲ್ಲಿ ಹಾರ್ವರ್ಡ್ ಲಾ ರಿವ್ಯೂನಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಬರೆದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿದಾಗ ಈ ಲೇಖನವನ್ನೂ ಚರ್ಚಿಸಿತು.
* ಜರ್ಮನ್ ವಿದ್ವಾಂಸ ಡೀಟರ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸದಲ್ಲೂ ನಂತರದ ಲೇಖನದಲ್ಲೂ ಸಂವಿಧಾನ ತಿದ್ದುಪಡಿಯ ಅಧಿಕಾರಕ್ಕೆ ಮಿತಿಯಿದೆ ಎಂದು ವಾದಿಸಿದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ (1973) ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ತೀರ್ಪು ಕಾನ್ರಾಡ್ ಅವರನ್ನು ಉಲ್ಲೇಖಿಸಿತು. ಸಂವಿಧಾನದ ಮೂಲ ಸಂರಚನೆಯ ಸಿದ್ಧಾಂತ ಈ ಪ್ರಕರಣದಿಂದ ಸ್ಥಾಪಿತವಾಯಿತು.
* ಮಥುರಾ ಅತ್ಯಾಚಾರ ಪ್ರಕರಣದ ತೀರ್ಪನ್ನು ಪ್ರಶ್ನಿಸಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್ವಾರ್ ಮತ್ತು ರಘುನಾಥ ಕೇಳ್ಕರ್ 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಸಂಶೋಧನಾ ಲೇಖನವಲ್ಲದಿದ್ದರೂ ತೀರ್ಪಿನ ತರ್ಕವನ್ನು ಪರಿಶೀಲಿಸಿದ ಈ ಪತ್ರವು ದೇಶವ್ಯಾಪಿ ಚಳವಳಿಗೆ ಪ್ರೇರಣೆಯಾಯಿತು. 1983ರಲ್ಲಿ ಅತ್ಯಾಚಾರ ಕಾನೂನಿಗೆ ತಿದ್ದುಪಡಿಯಾಯಿತು.

ಸಂಶೋಧನೆಯ ವಿಧಗಳು

ಕಾನೂನಿನ ಪಠ್ಯ ಹಾಗೂ ತೀರ್ಪುಗಳನ್ನೇ ವಿಶ್ಲೇಷಿಸುವುದು ಸೈದ್ಧಾಂತಿಕ ಸಂಶೋಧನೆ. ಕಾನೂನು ಸಮಾಜದಲ್ಲಿ ಹೇಗೆ ಜಾರಿಯಾಗುತ್ತಿದೆ ಎಂಬುದನ್ನು ಸಂದರ್ಶನ, ಸಮೀಕ್ಷೆ, ನ್ಯಾಯಾಲಯದ ದಾಖಲೆಗಳ ಮೂಲಕ ಅರಿಯುವುದು ಅನುಭವಾಧಾರಿತ ಸಂಶೋಧನೆ. ಬೇರೆ ಬೇರೆ ದೇಶಗಳ ಕಾನೂನುಗಳನ್ನು ಹೋಲಿಸುವುದು ತೌಲನಿಕ ಸಂಶೋಧನೆ.

ಲೇಖನದ ರಚನೆ

ಲೇಖನವು ಸಾರಾಂಶ, ಪೀಠಿಕೆ, ಪ್ರಸ್ತುತ ಕಾನೂನಿನ ವಿವರಣೆ, ವಿಶ್ಲೇಷಣೆ ಮತ್ತು ಉಪಸಂಹಾರವನ್ನು ಒಳಗೊಂಡಿರುತ್ತದೆ. ವಿಷಯ ಸೀಮಿತವಾಗಿದ್ದಷ್ಟೂ ವಾದ ಸ್ಪಷ್ಟವಾಗುತ್ತದೆ. "ಭಾರತದಲ್ಲಿ ಜಾಮೀನು" ಎಂಬುದು ವಿಷಯ ಮಾತ್ರ, "ಶ್ಯೂರಿಟಿ ನೀಡಲಾಗದ ವಿಚಾರಣಾಧೀನ ಕೈದಿಗೆ ಜಾಮೀನಿನ ಆದೇಶದಿಂದ ಬಿಡುಗಡೆ ದೊರೆಯುತ್ತದೆಯೇ?" ಎಂಬುದು ಸಂಶೋಧನಾ ಪ್ರಶ್ನೆ. ತನ್ನ ವಾದಕ್ಕೆ ವಿರುದ್ಧವಾದ ತೀರ್ಪುಗಳನ್ನು ಮರೆಮಾಚದೆ ಅವಕ್ಕೆ ಉತ್ತರಿಸುವುದು ಉತ್ತಮ ಲೇಖನದ ಲಕ್ಷಣ.

ಆಕರಗಳ ಪರಿಶೀಲನೆ

ಉಲ್ಲೇಖಿಸುವ ಕಾನೂನು ಜಾರಿಯಲ್ಲಿದೆಯೇ ಎಂದು ಪರಿಶೀಲಿಸುವುದು ಅಗತ್ಯ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದ್ದು, ಕೊಲೆಯ ಶಿಕ್ಷೆ ಹಿಂದಿನ ಕಲಂ 302ರ ಬದಲು ಈಗ ಕಲಂ 103ರಲ್ಲಿದೆ. ಆ ದಿನಾಂಕಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಹಾಗೆಯೇ ತುರ್ತು ಪರಿಸ್ಥಿತಿಯ ಕಾಲದ ಎಡಿಎಂ ಜಬಲ್ಪುರ ತೀರ್ಪನ್ನು (1976) ಪುಟ್ಟಸ್ವಾಮಿ ತೀರ್ಪು ರದ್ದುಗೊಳಿಸಿರುವುದರಿಂದ ಅದನ್ನು ಇಂದಿನ ಕಾನೂನೆಂದು ಬರೆಯುವಂತಿಲ್ಲ. ತೀರ್ಪಿನ ಆರಂಭದಲ್ಲಿರುವ ಹೆಡ್‌ನೋಟ್ ವರದಿಗಾರರು ಸಿದ್ಧಪಡಿಸಿದ ಸಾರಾಂಶವೇ ಹೊರತು ನ್ಯಾಯಾಲಯದ ಮಾತಲ್ಲ. ಆದ್ದರಿಂದ ಮೂಲ ತೀರ್ಪನ್ನೇ ಓದಬೇಕಾಗುತ್ತದೆ.

ಉಲ್ಲೇಖ ಪದ್ಧತಿ

ಅಮೆರಿಕದ ಬ್ಲೂಬುಕ್ ಮತ್ತು ಆಕ್ಸ್‌ಫರ್ಡಿನ ಆಸ್ಕೋಲಾ ಪ್ರಸಿದ್ಧ ಪದ್ಧತಿಗಳಾಗಿವೆ. ಭಾರತದ ಎಲ್ಲ ಪತ್ರಿಕೆಗಳೂ ಒಂದೇ ಪದ್ಧತಿಯನ್ನು ಅನುಸರಿಸುವುದಿಲ್ಲ. ಒಂದೇ ತೀರ್ಪು ಹಲವು ವರದಿ ಸಂಪುಟಗಳಲ್ಲಿ ಬರುತ್ತದೆ. ಕೇಶವಾನಂದ ಭಾರತಿ ತೀರ್ಪು "(1973) 4 ಎಸ್‌ಸಿಸಿ 225" ಮತ್ತು "ಎಐಆರ್ 1973 ಎಸ್‌ಸಿ 1461" ಎಂದು ದಾಖಲಾಗಿದೆ. ಮೊದಲನೆಯದರಲ್ಲಿ 4 ಸಂಪುಟದ ಸಂಖ್ಯೆ, 225 ತೀರ್ಪು ಆರಂಭವಾಗುವ ಪುಟ.

ಪ್ರಕಟಣೆ

ಅಮೆರಿಕದ ವಿದ್ಯಾರ್ಥಿ ಸಂಪಾದಿತ ಪತ್ರಿಕೆಗಳಿಗೆ ಒಂದೇ ಲೇಖನವನ್ನು ಏಕಕಾಲದಲ್ಲಿ ಕಳುಹಿಸುವ ರೂಢಿಯಿದೆ. ಸಹವಿದ್ವಾಂಸರಿಂದ ಪರಿಶೀಲನೆ ನಡೆಸುವ ಪತ್ರಿಕೆಗಳು ಸಾಮಾನ್ಯವಾಗಿ ಇದನ್ನು ಒಪ್ಪುವುದಿಲ್ಲ. ಇಂತಹ ಪರಿಶೀಲನೆಯಲ್ಲಿ ಲೇಖಕರ ಹೆಸರನ್ನು ಮರೆಮಾಡಿ ಲೇಖನವನ್ನು ತಜ್ಞರಿಗೆ ಕಳುಹಿಸುವುದು ವಾಡಿಕೆ. ಪ್ರಕಟಣೆಗೆ ಮುನ್ನವೇ ಕರಡನ್ನು ಎಸ್‌ಎಸ್‌ಆರ್‌ಎನ್ ಜಾಲತಾಣದಲ್ಲಿ ಹಂಚಿಕೊಳ್ಳುವವರೂ ಇದ್ದಾರೆ.

ನೈತಿಕತೆ ಮತ್ತು ಟೀಕೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯ ಪ್ರಕಾರ ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಪ್ರಬಂಧದಲ್ಲಿ ಸಾಮ್ಯ ಶೇ. 60 ಮೀರಿದರೆ ವಿದ್ಯಾರ್ಥಿಯ ನೋಂದಣಿ ರದ್ದಾಗುತ್ತದೆ. ಶುಲ್ಕ ಪಡೆದು, ಪರಿಶೀಲನೆಯಿಲ್ಲದೆ ಪ್ರಕಟಿಸುವ ಪತ್ರಿಕೆಗಳು ಸಂಶೋಧನೆಯ ವಿಶ್ವಾಸಾರ್ಹತೆಗೆ ಧಕ್ಕೆ ತಂದಿವೆ. ಅನುಭವಿ ವಿದ್ವಾಂಸರ ಲೇಖನಗಳನ್ನು ವಿದ್ಯಾರ್ಥಿಗಳು ಆಯ್ಕೆ ಮಾಡುವ ಪದ್ಧತಿಯೂ ಟೀಕೆಗೆ ಒಳಗಾಗಿದೆ. ಆದರೆ ಪ್ರತಿ ಅಡಿಟಿಪ್ಪಣಿಯನ್ನೂ ಮೂಲದೊಂದಿಗೆ ಹೋಲಿಸಿ ನೋಡುವ ಅಭ್ಯಾಸವು ವಿದ್ಯಾರ್ಥಿಗಳಿಗೆ ಉತ್ತಮ ತರಬೇತಿ ಎಂಬುದು ಅದರ ಸಮರ್ಥಕರ ವಾದ.