ಕೋಲಾರದ ಚಿನ್ನದಿಂದ ಜಕ್ಕೂರಿನ ಲೋಹಗುಚ್ಛಗಳವರೆಗೆ

ಜೋಗುಪಾಳ್ಯದ ಬಳಿ ಹಾಯುವ ಹಳೆಯ ಮದರಾಸು ರಸ್ತೆಯು ಪೂರ್ವಕ್ಕೆ ಕೋಲಾರದತ್ತ ಸಾಗುತ್ತದೆ. ಆ ಸೀಮೆಯ ಚಿನ್ನದ ಗಣಿಗಳ ಮಾತು ಬಂದೊಡನೆ ಸುರಂಗಗಳ ಆಳವೂ ಕೂಲಿಕಾರರ ಬವಣೆಯೂ 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುಚ್ಛಕ್ತಿಯೂ ನೆನಪಾಗುತ್ತವೆ. ಅಲ್ಲಿ ನಡೆದ ರಸಾಯನಕ್ರಿಯೆಯನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆ. ಇದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಪುಡಿಮಾಡಿದ ಅದಿರಿನಿಂದ ಚಿನ್ನವನ್ನು ಸೆಳೆಯಲು ಅಲ್ಲಿ ಸಯನೈಡ್ ದ್ರಾವಣವನ್ನು ಬಳಸುತ್ತಿದ್ದರು. ಒಂದು ಚಿನ್ನದ ಪರಮಾಣುವಿಗೆ ಎರಡು ಸಯನೈಡ್ ಗುಂಪುಗಳು ಕೂಡಿಕೊಳ್ಳುವುದರಿಂದ ನೀರಿನಲ್ಲಿ ಕರಗದ ಲೋಹವು ಕರಗುವಂತಾಗುತ್ತದೆ. ಹೀಗೆ ಲೋಹವನ್ನು ಸೇರಿ ಅದರ ನಡತೆಯನ್ನೇ ಬದಲಿಸುವ ಗುಂಪುಗಳಿಗೆ ಲಿಗ್ಯಾಂಡ್‌ಗಳೆಂದು ಹೆಸರು. ಒಂದು ಪರಮಾಣುವಿಗೆ ಬದಲಾಗಿ ಹದಿಮೂರೋ ಐವತ್ತೈದೋ ಪರಮಾಣುಗಳು ಒತ್ತಾಗಿ ಕೂಡಿ, ಅವುಗಳ ಹೊರಮೈಗೆ ಲಿಗ್ಯಾಂಡ್‌ಗಳು ಹೊದಿಕೆಯಾದರೆ ಅದು ಲೋಹಗುಚ್ಛ. ಹೊದಿಕೆಯಿಲ್ಲದಿದ್ದರೆ ಗುಚ್ಛಗಳು ಒಂದರೊಡನೊಂದು ಸೇರಿ ಸಾಮಾನ್ಯ ಲೋಹವೇ ಆಗಿಬಿಡುತ್ತವೆ.

1857ರಲ್ಲಿ ಫ್ಯಾರಡೆಯು ಚಿನ್ನದ ಲವಣವನ್ನು ರಂಜಕದಿಂದ ಅಪಕರ್ಷಿಸಿ ಮಾಣಿಕ್ಯವರ್ಣದ ದ್ರವವನ್ನು ಪಡೆದನು. ಅದರಲ್ಲಿರುವುದು ಚಿನ್ನದ ಅತಿಸೂಕ್ಷ್ಮ ಕಣಗಳೆಂಬ ಅವನ ಊಹೆ ಸರಿಯಾದುದೇ. ಆದರೆ ಆ ಕಣಗಳನ್ನು ಕಾಣುವ ಸಾಧನ ಅವನಿಗಿರಲಿಲ್ಲ. ಆದುದರಿಂದ ಈ ಶಾಖೆಯ ಚರಿತ್ರೆಯನ್ನು ತಯಾರಿಕೆಯ ಚರಿತ್ರೆಯೆಂದು ಮಾತ್ರ ಓದುವುದು ತಪ್ಪು. ತಯಾರಾದುದು ಏನೆಂದು ಗುರುತಿಸುವುದೇ ಇಲ್ಲಿನ ಮುಖ್ಯ ಸಮಸ್ಯೆ. 1981ರಲ್ಲಿ ಜರ್ಮನಿಯ ಷ್ಮಿಡ್ 55 ಪರಮಾಣುಗಳ ಚಿನ್ನದ ಗುಚ್ಛವನ್ನು ಪ್ರಕಟಿಸಿದನು. ಅದರ ಸ್ಫಟಿಕರಚನೆ ದೊರೆಯದ ಕಾರಣ ಆ ಸಂಖ್ಯೆಯನ್ನು ಕುರಿತು ವಾದ ಬೆಳೆಯಿತು. 2007ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ವಾಂಸರು 102 ಚಿನ್ನದ ಪರಮಾಣುಗಳೂ 44 ಗಂಧಕಯುಕ್ತ ಲಿಗ್ಯಾಂಡ್‌ಗಳೂ ಉಳ್ಳ ಗುಚ್ಛದ ರಚನೆಯನ್ನು ಕ್ಷಕಿರಣಗಳಿಂದ ಬಿಡಿಸಿದಾಗ, ಅಷ್ಟು ದೊಡ್ಡ ಗುಚ್ಛದಲ್ಲಿಯೂ ಪರಮಾಣುಗಳನ್ನು ಒಂದೊಂದಾಗಿ ಎಣಿಸಬಹುದೆಂಬುದು ಸಿದ್ಧವಾಯಿತು.

ಬೆಂಗಳೂರಿನ ಪಾತ್ರವನ್ನು ಈ ಹಿನ್ನೆಲೆಯಲ್ಲಿಯೇ ತೂಗಬೇಕು. ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವು 1989ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಸಿ. ಎನ್. ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು 561 ಪರಮಾಣುಗಳ ಪೆಲ್ಲಾಡಿಯಂ ಗುಚ್ಛಗಳೇ ಮತ್ತೆ ಕೂಡಿ ಮಹಾಗುಚ್ಛಗಳಾಗುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು 2001ರಲ್ಲಿ ಪ್ರಕಟಿಸಿದರು. ಒಂದು ಪರಮಾಣುವಿನ ಸುತ್ತ 12, 42, 92, 162, 252 ಎಂದು ಐದು ಪದರಗಳು ಮುಚ್ಚಿದರೆ ಒಟ್ಟು 561. ಆದರೆ ಇಲ್ಲಿ ಸಂಖ್ಯೆಯು ಸುಮಾರು ಎರಡೂವರೆ ನ್ಯಾನೋಮೀಟರಿನ ಗಾತ್ರದಿಂದ ಅನುಮಿತವಾದುದು; ಎಣಿಸಿದುದಲ್ಲ. ಸ್ಥಳಾಭಿಮಾನದ ಭರದಲ್ಲಿ ಈ ಭೇದವನ್ನು ಮರೆಯುವುದು ಚರಿತ್ರಕಾರನಿಗೆ ಸಲ್ಲದು. ಅದೇ 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದವು. ಇದು ಕಾಕತಾಳೀಯವೇ ಹೊರತು ಬೇರೆಯಲ್ಲ.

ಅದೇ ತಂಡವು 2003ರಲ್ಲಿ ಪ್ರಕಟಿಸಿದ ಕೆಲಸ ನಮಗೆ ಹೆಚ್ಚು ಸ್ವತಂತ್ರವಾಗಿ ತೋರುತ್ತದೆ. ಕೆಳಗೆ ಅಪಕರ್ಷಕವುಳ್ಳ ನೀರು, ಮೇಲೆ ಚಿನ್ನದ ಸಂಯುಕ್ತವುಳ್ಳ ಟಾಲ್ವೀನ್. ಕಲಕದೆ ಬಿಟ್ಟರೆ ಎರಡರ ಗಡಿಯಲ್ಲಿ ಚಿನ್ನದ ಸೂಕ್ಷ್ಮಕಣಗಳ ಪೊರೆ ಕಟ್ಟುತ್ತದೆ. ಫ್ಯಾರಡೆಯೂ ಬೆರೆಯದ ಎರಡು ದ್ರವಗಳನ್ನೇ ಬಳಸಿದ್ದನು. ಆದರೆ ಇಲ್ಲಿ ಪೊರೆಗೆ ತಕ್ಕ ಹೊದಿಕೆಯನ್ನು ಕೊಟ್ಟರೆ ಕಣಗಳು ಮೇಲಿನ ಟಾಲ್ವೀನಿಗೆ ಏರುತ್ತವೆ. ಹೊದಿಕೆಯ ತುದಿಯ ಗುಂಪನ್ನು ಬದಲಿಸಿದರೆ ಅದೇ ಚಿನ್ನ ನೀರಿಗೆ ಇಳಿಯುತ್ತದೆ.