ಮುಂದೂಡಲಾಗದ ದಿನಾಂಕ: ದೆಹಲಿಯ ಎರಡು ಕ್ರೀಡಾಕೂಟಗಳು ಮತ್ತು ಆತಿಥೇಯರ ಲೆಕ್ಕ

ದೊಡ್ಡ ಕ್ರೀಡಾಕೂಟವೊಂದು ಊರಿಗೆ ಬಂದರೆ ಊರಿಗೆ ಲಾಭವೋ ನಷ್ಟವೋ ಎಂಬ ಚರ್ಚೆ ಸಾಮಾನ್ಯವಾಗಿ ದುಡ್ಡಿನ ಸುತ್ತಲೇ ಗಿರಕಿ ಹೊಡೆಯುತ್ತದೆ. 1976ರ ಒಲಿಂಪಿಕ್ಸ್‌ಗೆ ಮಾಡಿದ ಸಾಲವನ್ನು ಮಾಂಟ್ರಿಯಲ್ ತೀರಿಸಿದ್ದು 2006ರಲ್ಲಿ ಎಂದು ಒಬ್ಬರು ನೆನಪಿಸುತ್ತಾರೆ. 1984ರಲ್ಲಿ ಲಾಸ್ ಏಂಜಲೀಸ್ ಲಾಭವನ್ನೇ ಮಾಡಿತಲ್ಲ ಎಂದು ಇನ್ನೊಬ್ಬರು ಎದುರು ಹೇಳುತ್ತಾರೆ. ಒಲಿಂಪಿಕ್ಸ್‌ಗಳ ಖರ್ಚು ಅಂದಾಜನ್ನು ಮೀರುವ ಬಗೆಯನ್ನು ಅಧ್ಯಯನ ಮಾಡಿದ ಆಕ್ಸ್‌ಫರ್ಡ್‌ನ ಬೆಂಟ್ ಫ್ಲೈಬ್ಯೋರ್ ಮತ್ತು ಸಂಗಡಿಗರು ಒಂದು ಮುಖ್ಯ ಕಾರಣ ಗುರುತಿಸಿದ್ದಾರೆ: ಅಣೆಕಟ್ಟು, ಸುರಂಗಗಳ ಕೆಲಸ ತಡವಾದರೆ ಉದ್ಘಾಟನೆಯನ್ನು ಮುಂದಕ್ಕೆ ಹಾಕಬಹುದು, ಕ್ರೀಡಾಕೂಟದಲ್ಲಿ ಆ ದಾರಿ ಇಲ್ಲ, ಆದ್ದರಿಂದ ತಡವಾದುದನ್ನೆಲ್ಲ ಹಣ ಸುರಿದು ಸರಿದೂಗಿಸಬೇಕಾಗುತ್ತದೆ. ಅವರ ಕಾಳಜಿ ಬೊಕ್ಕಸದ್ದು. ಆ ವಾದವನ್ನು ಬೊಕ್ಕಸದಿಂದ ಬೀದಿಗೆ ತರಬಹುದೆಂಬುದು ಈ ಲೇಖನದ ಪ್ರತಿಪಾದನೆ. ನಿಗದಿಯಾದ ದಿನಾಂಕ ಕಾನೂನಿನ ಸಾಮಾನ್ಯ ನಡೆಯನ್ನು ಬದಿಗೆ ಸರಿಸುತ್ತದೆ. ಸರಿಸಿದಾಗ, ಆತುರದಲ್ಲಿ ಚೌಕಾಸಿ ಮಾಡುವ ಶಕ್ತಿ ಇದ್ದವರಿಗೆ ದಕ್ಕುವುದೇ ಬೇರೆ, ಇಲ್ಲದವರಿಗೆ ಉಳಿಯುವುದೇ ಬೇರೆ. ದೆಹಲಿ 1982ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೂ (ಏಷ್ಯಾಡ್) 2010ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೂ ಆತಿಥ್ಯ ವಹಿಸಿತು. ಒಂದೇ ಊರು, ನಡುವೆ 28 ವರ್ಷ. ಈ ಪ್ರತಿಪಾದನೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಜೋಡಿ ಭಾರತದಲ್ಲಿ ಸಿಗಲಾರದು.

ಏಷ್ಯಾಡ್‌ನ ಹೊಣೆ ದೆಹಲಿಗೆ ಬಂದಾಗಿನಿಂದ ಅದರ ಬಗ್ಗೆ ಸರ್ಕಾರಗಳ ಮನಸ್ಸು ಹೊಯ್ದಾಡುತ್ತಲೇ ಇತ್ತು. ಜನತಾ ಸರ್ಕಾರದ ಕಾಲದಲ್ಲಿ ಉತ್ಸಾಹ ಕಡಿಮೆ. 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಮರಳಿ ಅಧಿಕಾರಕ್ಕೆ ಬಂದ ಮೇಲೆಯೇ ಕೆಲಸ ಬಿರುಸಾದದ್ದು. ಆಗ ಕೈಯಲ್ಲಿ ಮೂರು ವರ್ಷವೂ ಇರಲಿಲ್ಲ. ಉದ್ಘಾಟನೆ 1982ರ ನವೆಂಬರ್ 19ಕ್ಕೆ. (ಅದು ಪ್ರಧಾನಿಯವರ ಜನ್ಮದಿನವೂ ಹೌದು, ಆ ದಿನ ತಪ್ಪಬಾರದೆಂಬ ಹಟಕ್ಕೆ ಇದೂ ಒಂದಿಷ್ಟು ಕಸುವು ಕೊಟ್ಟಿರಬಹುದು.) ಈ ಅವಧಿಯಲ್ಲಿ ಜವಾಹರಲಾಲ್ ನೆಹರೂ ಕ್ರೀಡಾಂಗಣ, ಇಂದ್ರಪ್ರಸ್ಥ ಒಳಾಂಗಣ ಕ್ರೀಡಾಂಗಣ, ವಾಸ್ತುಶಿಲ್ಪಿ ರಾಜ್ ರೇವಾಲ್ ವಿನ್ಯಾಸಗೊಳಿಸಿದ ಏಷ್ಯಾಡ್ ಗ್ರಾಮ, ಮೇಲ್ಸೇತುವೆಗಳ ಸಾಲು, ಹೋಟೆಲುಗಳು ಎಲ್ಲ ಏಕಕಾಲಕ್ಕೆ ಏಳಬೇಕಾಗಿತ್ತು. ಅಷ್ಟು ಕೈಗಳು ದೆಹಲಿಯಲ್ಲಿ ಇರಲಿಲ್ಲ. ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳ ಹಳ್ಳಿಗಳಿಂದ ಜಮಾದಾರರು ಆಳುಗಳನ್ನು ಕರೆತಂದರು. ನಮ್ಮಲ್ಲಿ ಗುಳೆ ಹೋಗುವವರನ್ನು ಮೇಸ್ತ್ರಿಗಳು ಮುಂಗಡ ಕೊಟ್ಟು ಒಯ್ಯುವ ವ್ಯವಸ್ಥೆಯಂಥದೇ ಇದು: ಸರ್ಕಾರಿ ಸಂಸ್ಥೆಯ ಕೆಳಗೆ ಗುತ್ತಿಗೆದಾರ, ಅವನ ಕೆಳಗೆ ಜಮಾದಾರ, ಕೊನೆಯಲ್ಲಿ ಕಲ್ಲು ಹೊರುವವರು.

ಈ ಕೆಲಸಗಾರರ ಬಗ್ಗೆ ನಮಗೆ ಇಷ್ಟು ಖಚಿತವಾಗಿ ತಿಳಿದಿರುವುದು ಒಂದು ಪತ್ರದ ದೆಸೆಯಿಂದ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆ ಮೂವರು ಸಮಾಜ ವಿಜ್ಞಾನಿಗಳಿಂದ ನಿರ್ಮಾಣ ಸ್ಥಳಗಳ ತನಿಖೆ ಮಾಡಿಸಿ, ವರದಿಯನ್ನು ಪತ್ರದೊಂದಿಗೆ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿಗೆ ಕಳಿಸಿತು. ಸುಪ್ರೀಂ ಕೋರ್ಟ್ ಅದನ್ನೇ ಅರ್ಜಿಯೆಂದು ಪರಿಗಣಿಸಿತು. ಅಂದಿನ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ ತಲೆಗೊಂದು ರೂಪಾಯಿಯನ್ನು ಜಮಾದಾರ ಮುರಿದುಕೊಳ್ಳುತ್ತಿದ್ದ. ಹೆಂಗಸರ ಕೈಗೆ ಸೇರುತ್ತಿದ್ದುದು 7 ರೂಪಾಯಿ ಎಂಬ ದೂರು ಇತ್ತು. ಹದಿನಾಲ್ಕು ತುಂಬದ ಮಕ್ಕಳನ್ನೂ ದುಡಿಸಲಾಗುತ್ತಿತ್ತು. ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಆಗಿದ್ದ ಕಾಯ್ದೆ ದೆಹಲಿಯಲ್ಲಿ 1980ರ ಅಕ್ಟೋಬರ್‌ನಿಂದ ಕಾಗದದ ಮೇಲೆ ಜಾರಿಯಲ್ಲಿದ್ದರೂ, ಅದನ್ನು ನಡೆಸಲು ಬೇಕಾದ ನಿಯಮಾವಳಿ ಬರುವಷ್ಟರಲ್ಲಿ 1982ರ ಅರ್ಧ ವರ್ಷ ಸರಿದಿತ್ತು. ಅಷ್ಟು ಹೊತ್ತಿಗೆ ಕಾಮಗಾರಿಯ ಬಹುಪಾಲು ಮುಗಿಯುತ್ತ ಬಂದಿತ್ತೆಂಬುದನ್ನು ಗಮನಿಸಬೇಕು. ಸರ್ಕಾರದ ಕಡೆಯವರು ನ್ಯಾಯಾಲಯದಲ್ಲಿ ಎರಡು ಮುಖ್ಯ ತಕರಾರು ತೆಗೆದರು: ಕಾರ್ಮಿಕರ ಪರವಾಗಿ ಕೇಳಲು ಈ ಸಂಘಟನೆಗೆ ಅಧಿಕಾರವಿಲ್ಲ, ಕೂಲಿ ಕೊಡದ ತಪ್ಪು ಗುತ್ತಿಗೆದಾರರದ್ದು, ಸರ್ಕಾರದ್ದಲ್ಲ. ಸೆಪ್ಟೆಂಬರ್ 18ರ ತೀರ್ಪು ಎರಡನ್ನೂ ತಳ್ಳಿಹಾಕಿತು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಒಬ್ಬ ಒಪ್ಪಿ ದುಡಿದರೂ ಆ ಒಪ್ಪಿಗೆಯ ಹಿಂದಿರುವುದು ಹಸಿವಿನ ಒತ್ತಾಯ, ಆದ್ದರಿಂದ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಪೀಠ ಹೇಳಿತು. ಭಾರತದ ಕಾರ್ಮಿಕ ನ್ಯಾಯಶಾಸ್ತ್ರದಲ್ಲಿ ಇಂದಿಗೂ ಉಲ್ಲೇಖವಾಗುವ ಈ ಮಾತು ಹುಟ್ಟಿದ್ದು ಕ್ರೀಡಾಂಗಣದ ಸಿಮೆಂಟಿನ ಧೂಳಿನಿಂದ. ಆದರೆ ಅದು ಬಂದದ್ದು ಉದ್ಘಾಟನೆಗೆ ಎರಡೇ ತಿಂಗಳಿದ್ದಾಗ. ಯಾರ ಸಲುವಾಗಿ ಬಂದಿತ್ತೋ ಅವರಲ್ಲಿ ಬಹಳಷ್ಟು ಮಂದಿ ಅಷ್ಟರೊಳಗೆ ತಮ್ಮ ಕೂಲಿಯ ಲೆಕ್ಕ ಮುಗಿಸಿಕೊಂಡಿರಬೇಕು.

ಅವರೆಲ್ಲ ಊರಿಗೆ ಮರಳಲಿಲ್ಲ. 1981ರಲ್ಲಿ 62 ಲಕ್ಷವಿದ್ದ ದೆಹಲಿಯ ಜನಸಂಖ್ಯೆ 1991ಕ್ಕೆ 94 ಲಕ್ಷವಾಯಿತು. ಈ ಏರಿಕೆಯನ್ನು ಏಷ್ಯಾಡ್‌ನ ತಲೆಗೆ ಕಟ್ಟುವುದು ತಪ್ಪು. ಹಿಂದಿನ ದಶಕದಲ್ಲೂ ನಗರ 40 ಲಕ್ಷದಿಂದ ಅಷ್ಟೇ ಬಿರುಸಾಗಿ ಬೆಳೆದಿತ್ತು. ಹೇಳಬಹುದಾದದ್ದು ಇಷ್ಟು: ಆಟಗಾರರಿಗೆ ಗ್ರಾಮ ಕಟ್ಟಿದ ಯೋಜನೆಯಲ್ಲಿ, ಆ ಗ್ರಾಮವನ್ನು ಕಟ್ಟಿದವರು ಕೆಲಸ ಮುಗಿದ ಮೇಲೆ ಎಲ್ಲಿರಬೇಕೆಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ. ಅವರು ಯಮುನೆಯ ದಂಡೆಯಲ್ಲೋ ರೈಲು ಹಳಿಗಳ ಪಕ್ಕದಲ್ಲೋ ತಾವೇ ಉತ್ತರ ಕಂಡುಕೊಂಡರು. ಏಷ್ಯಾಡ್ ಗ್ರಾಮವಾದರೋ ದಕ್ಷಿಣ ದೆಹಲಿಯ ಬೆಲೆಬಾಳುವ ವಸತಿ ಪ್ರದೇಶವಾಗಿ ಉಳಿಯಿತು.

ಇನ್ನೊಂದು ಪರಿಣಾಮ ನಗರದ ಗಡಿಯಾಚೆಯದು. ಆರ್ಥಿಕ ವರದಿಗಳು ಇದನ್ನು ಗಣಿಸುವುದೇ ಇಲ್ಲ. ಕ್ರೀಡಾಕೂಟದ ವೇಳೆ ದೆಹಲಿಯಲ್ಲಿ ಪ್ರತಿಭಟಿಸುವುದಾಗಿ ಅಕಾಲಿ ದಳ ಘೋಷಿಸಿತ್ತು. ಅದನ್ನು ತಡೆಯಲು ಹರಿಯಾಣದ ಪೊಲೀಸರು ಪಂಜಾಬಿನಿಂದ ರಾಜಧಾನಿಯತ್ತ ಬರುತ್ತಿದ್ದ ಸಿಖ್ಖರನ್ನು ಬಸ್ಸು, ರೈಲುಗಳಿಂದ ಇಳಿಸಿ ತಪಾಸಣೆ ಮಾಡಿದರು. ಸೇನೆಯ ನಿವೃತ್ತ ಹಿರಿಯ ಅಧಿಕಾರಿಗಳೂ ಈ ಅವಮಾನದಿಂದ ಪಾರಾಗಲಿಲ್ಲ. ಪಂಜಾಬಿನ ಮುಂದಿನ ದುರಂತಗಳಿಗೆ ಕಾರಣಗಳು ಹಲವು ಮತ್ತು ಆಳವಾದವು. ಆದರೂ ಆ ದಶಕದ ಬಹುತೇಕ ಚರಿತ್ರೆಗಳು ಈ ಘಟನೆಯನ್ನು ಗುರುತಿಸುತ್ತವೆ. ಹದಿನಾರು ದಿನ ನಿರ್ವಿಘ್ನವಾಗಿ ಸಾಗಬೇಕೆಂಬ ಆತಂಕದಲ್ಲಿ ಇಡೀ ಸಮುದಾಯವೊಂದನ್ನು ಶಂಕಿತರ ಪಟ್ಟಿಗೆ ಸೇರಿಸಿದ್ದು ಯಾವ ಲಾಭ-ನಷ್ಟದ ತಖ್ತೆಯಲ್ಲಿ ಬರಬೇಕು?

2010ರ ಕಥೆ ಮೇಲುನೋಟಕ್ಕೆ ನನ್ನ ವಾದಕ್ಕೆ ವಿರುದ್ಧವಾಗಿದೆ. ಈ ಬಾರಿ ಸಮಯದ ಅಭಾವವಿರಲಿಲ್ಲ. 2003ರ ನವೆಂಬರ್‌ನಲ್ಲಿ ಜಮೈಕಾದಲ್ಲಿ ನಡೆದ ಮತದಾನದಲ್ಲಿ ಕೆನಡಾದ ಹ್ಯಾಮಿಲ್ಟನ್ ನಗರವನ್ನು ಸೋಲಿಸಿ ದೆಹಲಿ ಆತಿಥ್ಯ ಗೆದ್ದಿತು. ಕೂಟ ನಡೆದದ್ದು 2010ರ ಅಕ್ಟೋಬರ್ 3ರಿಂದ 14ರವರೆಗೆ. ಸುಮಾರು ಏಳು ವರ್ಷ. ಹಾಗಿದ್ದರೂ ಕೊನೆಯ ತಿಂಗಳುಗಳ ಅವಾಂತರ ಜಗಜ್ಜಾಹೀರು: ಸೆಪ್ಟೆಂಬರ್ 21ರಂದು, ಉದ್ಘಾಟನೆಗೆ ಎರಡು ವಾರವೂ ಇಲ್ಲದಾಗ, ನೆಹರೂ ಕ್ರೀಡಾಂಗಣದ ಪಕ್ಕದಲ್ಲಿ ಕಟ್ಟುತ್ತಿದ್ದ ಪಾದಚಾರಿ ಸೇತುವೆ ಕುಸಿದು ಹಲವು ಕಾರ್ಮಿಕರು ಗಾಯಗೊಂಡರು. ಮಹಾಲೇಖಪಾಲರ 2011ರ ವರದಿ ಇದಕ್ಕೆ ಕೊಡುವ ವಿವರಣೆ ಮುಖ್ಯ. ನಿರ್ಧಾರಗಳನ್ನು ಕಾರಣವಿಲ್ಲದೆ ತಡಮಾಡಿ, ಹಾಗೆ ಹುಟ್ಟಿದ ಕೃತಕ ತುರ್ತನ್ನೇ ನೆಪ ಮಾಡಿಕೊಂಡು ಟೆಂಡರಿನ ಕ್ರಮಗಳನ್ನು ಸಡಿಲಿಸಲಾಯಿತೆಂದು ಅದು ಹೇಳುತ್ತದೆ. ಅಂದರೆ ಆತುರ ಆಕಸ್ಮಿಕವಾಗಿ ಬಂದದ್ದಲ್ಲ, ತಯಾರಾದದ್ದು. ಮುಂದೂಡಲಾಗದ ದಿನಾಂಕ ಕ್ಯಾಲೆಂಡರಿನಲ್ಲಿ ಇರುವುದರಿಂದಲೇ ಮೊದಲ ವರ್ಷಗಳ ನಿದ್ದೆ ಲಾಭದಾಯಕವಾಗುತ್ತದೆ. 2003ರಲ್ಲಿ ಸುಮಾರು 1,200 ಕೋಟಿ ರೂಪಾಯಿ ಎಂದಿದ್ದ ಅಂದಾಜು 18,532 ಕೋಟಿಗೆ ಮುಟ್ಟಿತು. ಸರ್ಕಾರಕ್ಕೆ ಹೊರೆಯಾಗದಂತೆ ಕೂಟ ತನ್ನ ಖರ್ಚನ್ನು ತಾನೇ ದುಡಿಯುತ್ತದೆಂಬ ಆಯೋಜಕರ ಭರವಸೆ ಪೊಳ್ಳೆಂದು ಅದೇ ವರದಿ ತೋರಿಸಿತು.

ಆತುರ ಯಾರನ್ನು ಹೇಗೆ ತಟ್ಟಿತೆಂಬುದಕ್ಕೆ ಯಮುನೆಯ ದಂಡೆಯ ಎರಡು ಜಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕ್ರೀಡಾ ಗ್ರಾಮ ಎದ್ದದ್ದು ಅಕ್ಷರಧಾಮದ ಸಮೀಪ, ನದಿಯ ನೆರೆಬಯಲಿನಲ್ಲಿ. ಪರಿಸರವಾದಿಗಳ ವಿರೋಧ ಸುಪ್ರೀಂ ಕೋರ್ಟಿನಲ್ಲಿ 2009ರಲ್ಲಿ ಸೋತಿತು. ಜಾಗತಿಕ ಹಣಕಾಸು ಬಿಕ್ಕಟ್ಟಿನಲ್ಲಿ ಗ್ರಾಮ ಕಟ್ಟುತ್ತಿದ್ದ ಖಾಸಗಿ ಸಂಸ್ಥೆಯ ಕೈ ಕಟ್ಟಿದಾಗ ದೆಹಲಿ ಅಭಿವೃದ್ಧಿ ಪ್ರಾಧಿಕಾರ 333 ಫ್ಲ್ಯಾಟುಗಳನ್ನು ಮುಂಗಡವಾಗಿ ಕೊಂಡು 700 ಕೋಟಿಗೂ ಮಿಕ್ಕಿದ ಹಣ ಒದಗಿಸಿತು. ಕೆಲಸ ನಿಂತರೆ ಕೂಟವೇ ನಿಲ್ಲುತ್ತದೆಂಬ ಬೆದರಿಕೆಯೇ ಆ ಸಂಸ್ಥೆಯ ಚೌಕಾಸಿಯ ಬಲವಾಗಿತ್ತು. ಅದೇ ನದಿಯ ಇನ್ನೊಂದು ದಂಡೆಯಲ್ಲಿ ಯಮುನಾ ಪುಷ್ತಾ ಎಂಬ ದೊಡ್ಡ ಗುಡಿಸಲು ಪ್ರದೇಶವಿತ್ತು. ಅಲ್ಲಿದ್ದವರಲ್ಲಿ ಏಷ್ಯಾಡ್ ಕಾಮಗಾರಿಗೆ ಬಂದು ನೆಲೆಯೂರಿದವರೂ ಇದ್ದರು. 2004ರಲ್ಲಿ ಹತ್ತಾರು ಸಾವಿರ ಮನೆಗಳನ್ನು ಕೆಡವಿದರು. ಪುನರ್ವಸತಿಗೆ ಅರ್ಹರೆನಿಸಿದವರಿಗೆ ನಗರದ ಹೊರಅಂಚಿನ ಬವಾನಾ ಮುಂತಾದ ಕಡೆ ಸಣ್ಣ ನಿವೇಶನ ಸಿಕ್ಕಿತು, ಉಳಿದವರಿಗೆ ಅದೂ ಇಲ್ಲ. ಕಲ್ಯಾಣಿ ಮೆನನ್-ಸೇನ್ ಮತ್ತು ಗೌತಮ್ ಭಾನ್ 2008ರಲ್ಲಿ ಪ್ರಕಟಿಸಿದ ಬವಾನಾ ಅಧ್ಯಯನ ದೂರದ ಪರಿಣಾಮವನ್ನು ದಾಖಲಿಸಿದೆ: ಮನೆಗೆಲಸಕ್ಕೆ ಹೋಗುತ್ತಿದ್ದ ಹೆಂಗಸರ ದುಡಿಮೆ ತಪ್ಪಿತು, ಗಂಡಸರ ಗಳಿಕೆಯ ಒಂದು ಭಾಗ ಬಸ್ಸಿನ ಟಿಕೆಟ್ಟಿಗೇ ಹೋಯಿತು, ಮಕ್ಕಳ ಶಾಲೆ ನಿಂತಿತು.

ಪುಷ್ತಾ ತೆರವಿಗೆ ಕಾಮನ್‌ವೆಲ್ತ್ ಕೂಟ ಕಾರಣವಲ್ಲ, ನದಿ ಮಾಲಿನ್ಯದ ಬಗ್ಗೆ ನ್ಯಾಯಾಲಯದ ಆದೇಶ ಕಾರಣ ಎಂಬ ಆಕ್ಷೇಪವಿದೆ. ಅದು ಬಹುಪಾಲು ಸರಿ. ನದಿದಂಡೆಯನ್ನು ಖಾಲಿ ಮಾಡುವ ಯೋಚನೆ ಕೂಟಕ್ಕಿಂತ ಹಳೆಯದು, ಆದೇಶದ ಭಾಷೆಯೂ ಪರಿಸರದ್ದು. ಆದರೆ ಅದೇ ಪರಿಸರದ ಕಾರಣ ಐದು ವರ್ಷದ ನಂತರ ನೆರೆಬಯಲಿನಲ್ಲೇ ಎದ್ದ ಸಾವಿರಕ್ಕೂ ಹೆಚ್ಚು ಫ್ಲ್ಯಾಟುಗಳನ್ನು ತಡೆಯಲಿಲ್ಲ. ಒಂದೇ ನದಿಯ ಒಂದೇ ಬಯಲಿನಲ್ಲಿ ಒಂದು ತತ್ವ ಗುಡಿಸಲಿಗೆ ಅನ್ವಯವಾಗಿ ಕಾಂಕ್ರೀಟಿಗೆ ಅನ್ವಯವಾಗದಿದ್ದರೆ, ನಡುವೆ ಏನು ಬದಲಾಯಿತೆಂದು ಕೇಳಲೇಬೇಕಾಗುತ್ತದೆ. ಕೂಟ ಹತ್ತಿರವಾದಂತೆ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದ್ದು, ಭಿಕ್ಷುಕರನ್ನು ಸಂಚಾರಿ ನ್ಯಾಯಾಲಯಗಳ ಮೂಲಕ ಬಂಧಿಸಿದ್ದು, ರಸ್ತೆ ಬದಿಯ ಕೊಳೆಗೇರಿಗಳಿಗೆ ಬಿದಿರಿನ ಪರದೆ ಕಟ್ಟಿದ್ದು ಮಾತ್ರ ನೇರವಾಗಿ ಅತಿಥಿಗಳ ಸಲುವಾಗಿಯೇ. ಕಾರ್ಮಿಕರ ವಿಷಯದಲ್ಲಿ ಇತಿಹಾಸ ನಾಚಿಕೆಯಿಲ್ಲದೆ ಮರುಕಳಿಸಿತು. ಅದೇ ಸಂಘಟನೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿತು. ದೆಹಲಿ ಹೈಕೋರ್ಟ್ ನೇಮಿಸಿದ, ಮಾಜಿ ರಾಯಭಾರಿ ಅರುಂಧತಿ ಘೋಷ್ ನೇತೃತ್ವದ ಸಮಿತಿ ಕನಿಷ್ಠ ವೇತನ, ಸುರಕ್ಷತಾ ಸಲಕರಣೆ, ವಸತಿ ಎಲ್ಲದರಲ್ಲೂ ಉಲ್ಲಂಘನೆ ಕಂಡಿತು.

ಕೂಟಗಳಿಂದ ನಗರಕ್ಕೆ ಒಳ್ಳೆಯದೇನೂ ಆಗಲಿಲ್ಲವೇ? ಮೇಲ್ಸೇತುವೆಗಳಿವೆ, ಬಣ್ಣದ ಟಿವಿ ಬಂತು, ಮೆಟ್ರೊ ಬಂತು ಎನ್ನುತ್ತಾರೆ. ಮೇಲ್ಸೇತುವೆಗಳ ಮಾತು ನಿಜ. 1982ರ ಆಗಸ್ಟ್ 15ಕ್ಕೆ ದೂರದರ್ಶನ ಬಣ್ಣಕ್ಕೆ ತಿರುಗಿದ್ದರಲ್ಲಿ ಏಷ್ಯಾಡ್‌ನ ಒತ್ತಡ ಸ್ಪಷ್ಟ. ಅದರ ಫಲ ಉಂಡದ್ದು ಇಡೀ ದೇಶ. ಮೆಟ್ರೊ ಮಾತ್ರ ಬೇರೆ ಪಾಠ ಹೇಳುತ್ತದೆ. ಅದರ ಕೆಲಸ ಶುರುವಾದದ್ದು 1998ರಲ್ಲಿ, ಮೊದಲ ರೈಲು ಓಡಿದ್ದು 2002ರ ಡಿಸೆಂಬರ್‌ನಲ್ಲಿ, ಎರಡೂ 2010ರ ಕೂಟದ ಆತಿಥ್ಯ ಗೆಲ್ಲುವ ಮೊದಲೇ. ಕೂಟದ ಹೊತ್ತಿಗೇ ಮುಗಿಯಬೇಕೆಂದು ಹಟ ಹಿಡಿದ ವಿಮಾನ ನಿಲ್ದಾಣದ ಮಾರ್ಗವೇ ಗಡುವು ತಪ್ಪಿ 2011ರಲ್ಲಿ ತೆರೆಯಿತು. ಎಲ್ಲರೂ ಮಾದರಿಯೆನ್ನುವ ಬಾರ್ಸಿಲೋನಾದ ವಿಷಯವೂ ಹೀಗೆಯೇ: 1992ರ ಒಲಿಂಪಿಕ್ಸ್ ಅಲ್ಲಿ ಹಣ ಮತ್ತು ಅವಕಾಶ ತಂದಿತು, ನಗರದ ನಕ್ಷೆಯ ತಳಹದಿ ಮಾತ್ರ 1976ರ ಮಹಾನಗರ ಯೋಜನೆಯಲ್ಲೇ ಇತ್ತು. ಯೋಜನೆ ಮೊದಲೇ ಇದ್ದ ಕಡೆ ದಿನಾಂಕ ಚುರುಕು ಮುಟ್ಟಿಸುತ್ತದೆ. ಇಲ್ಲದ ಕಡೆ ದಿನಾಂಕವೇ ಯೋಜನೆಯ ಜಾಗಕ್ಕೆ ಬಂದು ಕೂರುತ್ತದೆ.

ಜಾತ್ರೆಗೂ ದಿನ ನಿಗದಿಯೇ ಅಲ್ಲವೇ ಎಂಬುದು ಹೆಚ್ಚು ಗಟ್ಟಿಯಾದ ಆಕ್ಷೇಪ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 1981, 1993, 2006, 2018ರಲ್ಲಿ ನಡೆಯಿತು; ಲಕ್ಷಾಂತರ ಜನ ಒಂದು ಸಣ್ಣ ಪಟ್ಟಣಕ್ಕೆ ಬಂದುಹೋದರು. ಅಲ್ಲಿಯೂ ಬೆಲೆಯೇರಿಕೆ, ನೂಕುನುಗ್ಗಲು ಇಲ್ಲವೆಂದಲ್ಲ. ಆದರೆ ತಂಗಲು ಕಟ್ಟುವ ತಾತ್ಕಾಲಿಕ ನಗರಗಳನ್ನು ಬಿಚ್ಚುವುದು ಮೊದಲೇ ಗೊತ್ತಿರುವ ವಿಷಯ. ಅದಕ್ಕಿಂತ ಮುಖ್ಯವಾಗಿ, ಅದೇ ಊರಿನವರು ಅದೇ ಮಠದವರೊಂದಿಗೆ ಮತ್ತೆ ಮುಖಾಮುಖಿಯಾಗಲೇಬೇಕು. ಮರಳಿ ಬರುವ ದಿನಾಂಕ ಜವಾಬ್ದಾರಿ ಬೆಳೆಸುತ್ತದೆ. ಒಂದೇ ಸಲ ಬಂದು ಹೋಗುವ ಕೂಟದ ಸಂಘಟನಾ ಸಮಿತಿ ಕೂಟದೊಂದಿಗೇ ಕರಗುತ್ತದೆ, ಕೂಲಿ ಬಾಕಿ ಇರುವವನಿಗೆ ಕೇಳಲು ಬಾಗಿಲೇ ಉಳಿಯುವುದಿಲ್ಲ.

ಆ ಬಾಗಿಲು ತೆರೆಯಲೆಂದೇ 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆಯೂ, ಅವರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಮೇಲೆ ಸೆಸ್ ವಿಧಿಸುವ ಜೊತೆ ಕಾಯ್ದೆಯೂ ಬಂದವು. 2018ರಲ್ಲಿ ಸುಪ್ರೀಂ ಕೋರ್ಟ್ ಲೆಕ್ಕ ಕೇಳಿದಾಗ ದೇಶದಾದ್ಯಂತ ಸಂಗ್ರಹವಾದ 37,400 ಕೋಟಿ ರೂಪಾಯಿಯಲ್ಲಿ ಖರ್ಚಾಗಿದ್ದುದು ಸುಮಾರು 9,500 ಕೋಟಿ. ಕಟ್ಟಡ ಸಂಸ್ಥೆಯೊಂದರ ಕೈ ಕಟ್ಟಿದಾಗ ನೂರಾರು ಕೋಟಿ ಹೊಂದಿಸಿದ ಚುರುಕು ಇಲ್ಲಿ ಕಾಣಲಿಲ್ಲ. ಕಾರ್ಮಿಕರ ಹಣ ಹಂಚಲು ಯಾರೂ ಉದ್ಘಾಟನೆಯ ದಿನ ಗೊತ್ತುಮಾಡಿರಲಿಲ್ಲ. 2025ರ ನವೆಂಬರ್‌ನಲ್ಲಿ 2030ರ ಕಾಮನ್‌ವೆಲ್ತ್ ಕೂಟದ ಆತಿಥ್ಯ ಅಹಮದಾಬಾದಿಗೆ ಖಚಿತವಾಯಿತು. ಅದೇ ತಿಂಗಳು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1979ರ ವಲಸೆ ಕಾರ್ಮಿಕರ ಕಾಯ್ದೆಯೂ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೂ ಅವುಗಳಲ್ಲಿ ವಿಲೀನವಾದವು. ಹಳೆಯ ವಲಸೆ ಕಾಯ್ದೆ ಐವರು ವಲಸೆ ಕಾರ್ಮಿಕರಿದ್ದ ಕಡೆ ಅನ್ವಯವಾಗುತ್ತಿತ್ತು. ಹೊಸದರಲ್ಲಿ ಹತ್ತು ಮಂದಿ ಇರಬೇಕು.