ಒಲೆ ಬದಲಾದರೂ ಒಗ್ಗರಣೆ ಬದಲಾಗದು

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೋಟೆ ಕೊತ್ತಲ, ಶಿಲಾಶಾಸನ, ಅರಸರ ವಂಶಾವಳಿ. ದಿನಕ್ಕೆ ಎರಡು ಹೊತ್ತು ತಪ್ಪದೆ ಉರಿಯುವ ಮನೆಯ ಒಲೆಗೂ ಒಂದು ಇತಿಹಾಸವುಂಟೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ರಾಜ್ಯಗಳು ಅಳಿದಿವೆ, ಮಾತಿನ ರೂಪ ಬದಲಾಗಿದೆ, ಉಡುಗೆ ತೊಡುಗೆ ಬದಲಾಗಿವೆ. ಆದರೆ ಎಣ್ಣೆ ಕಾದಿದೆಯೇ ಎಂದು ನೋಡಲು ನಾಲ್ಕು ಸಾಸಿವೆ ಕಾಳು ಹಾಕುವ ಕೈ ಮಾತ್ರ ಬದಲಾಗಿಲ್ಲ. ಮನುಷ್ಯನು ದೇಶವನ್ನು ಬಿಟ್ಟಾನು, ತಾಯಿಯ ಕೈಯಡಿಗೆಯ ಹದವನ್ನು ಬಿಡಲಾರ. ಈ ಹಟಮಾರಿತನದೊಳಗೆ ಎಷ್ಟು ಚರಿತ್ರೆ ಅಡಗಿದೆಯೆಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು. ಅಡಿಗೆಯನ್ನು ಕೀಳೆಂದು ಎಣಿಸದೆ ಬರೆದಿಟ್ಟ ಹಿರಿಯರು ನಮ್ಮಲ್ಲಿ ಆಗಿಹೋಗಿದ್ದಾರೆ. ಕಲ್ಯಾಣದ ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಹೆಸರೇ ಹೇಳುವಂತೆ ಅದು ಲೋಕದ ಜನರ ಉಪಕಾರಕ್ಕಾಗಿ ಬರೆದ ಪುಸ್ತಕ. ಜ್ಯೋತಿಷ, ಮನೆ ಕಟ್ಟುವ ಕ್ರಮ, ನೆಲದಡಿಯ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ ಇವುಗಳ ಜೊತೆಗೆ ಅಡಿಗೆಯೂ ಅಲ್ಲಿ ಸ್ಥಾನ ಪಡೆದಿದೆ. ಅದಾದ ನೂರು ವರ್ಷಕ್ಕೆ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ಬರೆಯಿಸಿ, ಅರಸನ ಊಟದ ಭೋಗಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟನು, ಅಲ್ಲಿ ಮಾಂಸದ ಅಡಿಗೆಗಳೂ ವಿಪುಲವಾಗಿವೆ. 16ನೆಯ ಶತಮಾನದ ಆದಿಭಾಗದಲ್ಲಿ ಕಲ್ಲಹಳ್ಳಿಯ ಜೈನ ಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಹಾಡಿದನು. ಅದರಲ್ಲಿರುವುದು ಶುದ್ಧ ಸಸ್ಯಾಹಾರ. ಹಿಟ್ಟಿನ ತಿಂಡಿ, ಪಾನಕ, ಅನ್ನದ ಬಗೆಗಳು, ಬದನೆ, ಹಲಸು, ಬಾಳೆ ಇವುಗಳನ್ನು ಪಳಗಿಸುವ ರೀತಿಗಳನ್ನು ಕವಿ ಬಾಯಲ್ಲಿ ನೀರೂರುವಂತೆ ಹೇಳಿದ್ದಾನೆ.

ಈ ಪುಸ್ತಕಗಳನ್ನು ಇಂದಿನ ಗೃಹಿಣಿಯ ಮುಂದೆ ಹಿಡಿದರೆ ಆಕೆಗೆ ಆಶ್ಚರ್ಯವೂ ಆದೀತು, ನಗುವೂ ಬಂದೀತು. ನಮ್ಮ ಇಡ್ಲಿಯನ್ನೇ ನೋಡಿ. 10ನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ‘ಇಡ್ಡಲಿಗೆ’ಯ ಹೆಸರಿದೆ. ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಕ್ರಮವೂ ಇದೆ: ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನು ಕೂಡಿಸಿ, ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗು ಸೇರಿಸಬೇಕು. ಅಕ್ಕಿಯ ಮಾತೇ ಇಲ್ಲ! ಅಕ್ಕಿ ಬಂದು ಉದ್ದಿನ ಕೈ ಹಿಡಿದದ್ದು ಆಮೇಲಿನ ಸಂಗತಿ. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಆ ಯುದ್ಧಕಾಲದ ಬರದಲ್ಲಿ ತಾವು ರವೆಯಿಂದ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಹೀಗೆ ಇಡ್ಲಿಯ ಮೈ ಎರಡು ಸಲ ಬದಲಾಯಿತು. ಹೆಸರು ಮಾತ್ರ ಸಾವಿರ ವರ್ಷ ಉಳಿಯಿತು.

ಹೆಸರಿನ ಮಾತು ಬಂದಿತಷ್ಟೆ. ಅಡಿಗೆಮನೆಯ ಇತಿಹಾಸವನ್ನು ಅರಿಯಲು ಡಬ್ಬಿಗಳ ಹೆಸರುಗಳೇ ಸಾಕು. ಹಳಗನ್ನಡ ಕಾಲದ ಅಡಿಗೆಗೆ ಖಾರ ಕೊಡುತ್ತಿದ್ದವು ಮೆಣಸು, ಶುಂಠಿ, ಹಿಪ್ಪಲಿ. ಇಂದು ಖಾರವೆಂದರೆ ಮೆಣಸಿನಕಾಯಿ. ಇದು ಅಮೆರಿಕಾ ಖಂಡದ ಬೆಳೆ. ಕೊಲಂಬಸನು 1492ರಲ್ಲಿ ಆ ನೆಲವನ್ನು ಮುಟ್ಟಿದ ಮೇಲೆಯೇ ಅದು ಸಮುದ್ರ ದಾಟಿದ್ದು. ವಾಸ್ಕೋ ಡ ಗಾಮಾ 1498ರಲ್ಲಿ ಕಲ್ಲಿಕೋಟೆಗೆ ಬಂದನು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಅವರ ಹಡಗುಗಳ ಜೊತೆಗೆ ಈ ಹೊಸ ಕಾಯಿ ನಮ್ಮ ಕರಾವಳಿಗೆ ಇಳಿಯಿತು. ನಮ್ಮವರು ಅದರ ಪರದೇಶದ ಹೆಸರನ್ನು ಕೇಳಲು ಹೋಗಲಿಲ್ಲ. ಮೆಣಸಿನಂತೆ ಖಾರವಾದ ಕಾಯಿ, ಆದ್ದರಿಂದ ‘ಮೆಣಸಿನಕಾಯಿ’ ಎಂದರು. ಹೊಸಬ ಮನೆಯೊಡೆಯನಾದ ಮೇಲೆ ಹಳಬನಿಗೆ ಬೇರೆ ಗುರುತು ಬೇಕಾಯಿತು. ಅದಕ್ಕೆ ಕರಿಮೆಣಸು, ಕಾಳುಮೆಣಸು ಎಂದರು. ಕರಾವಳಿಯವರು ಇಂದಿಗೂ ‘ಒಳ್ಳೆಮೆಣಸು’ ಎನ್ನುತ್ತಾರೆ. ತುಳುವಿನಲ್ಲಿಯೂ ಅದು ‘ಎಡ್ಡೆ ಮುಂಚಿ’. ಹಳೆಯದೇ ಒಳ್ಳೆಯದೆಂಬ ತೀರ್ಪು ಆ ಒಂದು ಮಾತಿನಲ್ಲಿ ನಾಲ್ಕು ಶತಮಾನಗಳಿಂದ ಕುಳಿತಿದೆ.

ಮಿಕ್ಕ ಅತಿಥಿಗಳ ಕಥೆಯೂ ಹೀಗೆಯೇ. ಅಮೆರಿಕೆಯಿಂದ ಬಂದ ನೆಲದ ಬೀಜಕ್ಕೆ ಹಳೆಯ ಕಡಲೆಯ ಹೆಸರನ್ನಿತ್ತು ನೆಲಗಡಲೆ, ಕಡಲೆಕಾಯಿ ಎಂದರು. ಹೊಸ ಧಾನ್ಯಕ್ಕೆ ಜೋಳದ ಹೆಸರನ್ನು ತೊಡಿಸಿ ಮುಸುಕಿನ ಜೋಳ, ಗೋವಿನ ಜೋಳ ಎಂದರು. ಮತ್ತೊಂದು ತರಕಾರಿ ಸೀಮೆಬದನೆಯಾಯಿತು. ಕರಾವಳಿಯ ‘ಬಟಾಟೆ’ ಮಾತ್ರ ಪೋರ್ಚುಗೀಸರ ಮಾತನ್ನು ಹಾಗೆಯೇ ಉಳಿಸಿಕೊಂಡಿದೆ. ಪದಾರ್ಥವನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು, ಆದರೆ ಅದು ನಮ್ಮ ಪದ್ಧತಿಗೆ ಬಾಗಬೇಕು ಎನ್ನುವುದು. ಇದೇ ಅಡಿಗೆಮನೆಯ ರಾಜನೀತಿ. ಆಲೂಗೆಡ್ಡೆ ಬಂದಿತು, ಪಲ್ಯವಾಯಿತು. ಟೊಮೇಟೊ ಬಂದಿತು, ಸಾರಿನೊಳಗೆ ಕರಗಿತು. ಸಾರೂ ಪಲ್ಯವೂ ಇದ್ದಲ್ಲಿಯೇ ಇದ್ದವು.

ಈ ಅತಿಥಿಗಳು ಇಂದಿಗೂ ಕಾಲಿಡದ ಒಂದು ದಿನವಿದೆ. ಶ್ರಾದ್ಧದ ದಿನ ಅನೇಕ ಮನೆಗಳಲ್ಲಿ ಮೆಣಸಿನಕಾಯಿ ಒಲೆಯ ಹತ್ತಿರ ಸುಳಿಯುವಂತಿಲ್ಲ. ಆಲೂಗೆಡ್ಡೆ, ಟೊಮೇಟೊ, ಎಲೆಕೋಸು, ಹುರುಳಿಕಾಯಿ ಇವುಗಳಿಗೂ ನಿಷೇಧ. ಖಾರಕ್ಕೆ ಮೆಣಸು, ಪರಿಮಳಕ್ಕೆ ಜೀರಿಗೆ. ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ. ಏಕೆಂದು ಕೇಳಿದರೆ ‘ಹಿಂದಿನಿಂದ ನಡೆದು ಬಂದದ್ದು’ ಎಂಬ ಉತ್ತರ ಬರುತ್ತದೆ. ಉತ್ತರ ಸರಿಯಾಗಿಯೇ ಇದೆ. ಪಿತೃಗಳಿಗೆ ಅವರು ಉಂಡು ಬಲ್ಲ ಅಡಿಗೆಯನ್ನೇ ಬಡಿಸಬೇಕೆಂಬ ನಿಷ್ಠೆಯಿಂದ, ಪೋರ್ಚುಗೀಸರು ಬರುವುದಕ್ಕೆ ಮುಂಚಿನ ಕನ್ನಡನಾಡಿನ ಊಟವೊಂದು ವರ್ಷಕ್ಕೊಮ್ಮೆ ಎಲೆಯ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಯಾವ ವಸ್ತುಸಂಗ್ರಹಾಲಯವೂ ಇದನ್ನು ಕಾದಿಡಲಾರದು. ಬಿಡದ ಅಭ್ಯಾಸವೊಂದು ಕಾದಿಟ್ಟಿದೆ.

ಬರೆಯದ ಅನುಭವವು ಕಾವ್ಯಕ್ಕೂ ವಸ್ತುವಾದದ್ದುಂಟು. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಬತ್ತಕ್ಕೂ ರಾಗಿಗೂ ತಾನು ಹೆಚ್ಚು ತಾನು ಹೆಚ್ಚು ಎಂದು ಜಗಳ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಬತ್ತ ಕಳೆಗುಂದಿದೆ, ರಾಗಿ ಹಾಗೆಯೇ ಇದೆ. ತೀರ್ಪು ರಾಗಿಯ ಕಡೆ. ಬಡವನ ಧಾನ್ಯಕ್ಕೆ ಮನ್ನಣೆ ದೊರಕಿಸುವುದು ದಾಸರ ಉದ್ದೇಶ. ಆದರೆ ತೀರ್ಪಿಗೆ ಆಧಾರವಾದದ್ದು ಒಕ್ಕಲುಮನೆಯ ಹೆಂಗಸಿಗೆಲ್ಲ ತಿಳಿದ ಸತ್ಯ: ರಾಗಿಗೆ ಹುಳು ಹತ್ತುವುದು ಅಪರೂಪ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಳ ಕಾಲ ಕೆಡದೆ ಉಳಿದು, ಮಳೆ ತಪ್ಪಿದ ವರ್ಷ ಹಳ್ಳಿಯ ಪ್ರಾಣ ಉಳಿಸುತ್ತಿತ್ತು.

ಇನ್ನು ಮನೆಯ ಸಣ್ಣ ಸಣ್ಣ ಉಪಾಯಗಳಿಗೆ ಬರೋಣ. ಇವಕ್ಕೆ ಗ್ರಂಥವಿಲ್ಲ, ಗುರುಕುಲವಿಲ್ಲ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಇಳಿದು ಬಂದವು. ತೊಗರಿಬೇಳೆ ಪೂರ್ತಿ ಬೇಯುವ ತನಕ ಹುಣಿಸೆಹಣ್ಣು ಹಾಕಬಾರದೆಂದು ಅಜ್ಜಿ ಗದರುತ್ತಾಳೆ. ಕಾಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಕರಗಿದರೆ ಮಾತ್ರ ಬೇಳೆ ಮೆತ್ತಗಾಗುತ್ತದೆ. ಹುಳಿ ಅದನ್ನು ಕರಗಗೊಡುವುದಿಲ್ಲವೆಂದು ಇಂದಿನ ರಸಾಯನಶಾಸ್ತ್ರ ಹೇಳುತ್ತದೆ. ‘ಆ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ’ ಎಂದು ದೂರದ ಬಾವಿಗೆ ಕೊಡ ಹೊತ್ತು ಹೋಗುತ್ತಿದ್ದವರ ಮಾತೂ ನಿಜವೇ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರಿಗೂ ಅದೇ ಗುಣವಿದೆ. ಒಗ್ಗರಣೆಗೆ ಸಾಸಿವೆ ಸಿಡಿಯುವವರೆಗೆ ಕಾಯುವುದು ಎಣ್ಣೆಯ ಕಾವನ್ನು ಅಳೆಯುವ ಒಂದು ಮಾಪನ. ಇಂಗು, ಕರಿಬೇವುಗಳ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುವುದರಿಂದ ಆ ಕಾವು ಅವಶ್ಯಕ.

ದೋಸೆಯ ಅಕ್ಕಿಯ ಜೊತೆ ನಾಲ್ಕು ಮೆಂತ್ಯದ ಕಾಳು ನೆನೆಹಾಕುತ್ತಾರೆ. ಉದ್ದಿನಲ್ಲಿಯೇ ಇರುವ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ಹಿಟ್ಟನ್ನು ಹುಳಿಯಿಸಿ ಗಾಳಿ ತುಂಬುತ್ತವೆ. ಉದ್ದಿನ ಮತ್ತು ಮೆಂತ್ಯದ ಲೋಳೆ ಆ ಗಾಳಿಯನ್ನು ಹೊರಬಿಡದೆ ಹಿಡಿದಿಡುತ್ತದೆ. ಚಳಿಗಾಲದಲ್ಲಿ ಹೆಪ್ಪು ಹಾಕಿದ ಪಾತ್ರೆಯನ್ನು ಒಲೆಯ ಬೂದಿಯ ಬಳಿ ಇಡುವುದೂ ಆ ಜೀವಿಗಳಿಗೆ ಬೇಕಾದ ಬೆಚ್ಚನೆಯ ಆಸರೆ. ಉಪ್ಪಿನಕಾಯಿಯ ಜಾಡಿಗೆ ಒದ್ದೆ ಕೈ ಹಾಕಬಾರದು, ಎಣ್ಣೆ ಮೇಲೆ ನಿಲ್ಲಬೇಕು. ಉಪ್ಪು ನೀರನ್ನು ಹೀರಿ, ಎಣ್ಣೆ ಗಾಳಿಯನ್ನು ತಡೆದು ಬೂಷ್ಟನ್ನು ದೂರವಿಡುತ್ತವೆ. ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಬಿತ್ತನೆಯ ಕಾಳಿಗೆ ಬೂದಿ ಬೆರೆಸುವುದು, ಅಕ್ಕಿಯ ಡಬ್ಬದಲ್ಲಿ ಬೇವಿನ ಸೊಪ್ಪು ಇಡುವುದು, ಬೇಸಗೆಯ ಬಿಸಿಲಿನಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ಮಳೆಗಾಲಕ್ಕೆ ಕಾದಿಡುವುದು, ಇವೆಲ್ಲ ಒಂದೇ ಶಾಸ್ತ್ರದ ಅಧ್ಯಾಯಗಳು. ಆ ಶಾಸ್ತ್ರವನ್ನು ರಚಿಸಿದವರು ಅಕ್ಷರ ಕಲಿಯಲು ಅವಕಾಶವೇ ಇಲ್ಲದಿದ್ದ ಹೆಂಗಸರು. ಗ್ರಂಥಗಳ ಮೇಲೆ ಚಾವುಂಡರಾಯ, ಸೋಮೇಶ್ವರ, ಮಂಗರಸರ ಹೆಸರುಗಳಿವೆ; ಇವರ ಹೆಸರು ಎಲ್ಲಿಯೂ ಇಲ್ಲ.

ಪಾತ್ರೆಗಳ ಕಥೆಯನ್ನೂ ಸ್ವಲ್ಪ ಹೇಳಬೇಕು. ಹಿತ್ತಾಳೆ ತಾಮ್ರಗಳಲ್ಲಿ ಹುಳಿ ಕುದಿಸಿದರೆ ಕಿಲುಬು ಏಳುತ್ತದೆ. ಆದ್ದರಿಂದ ಹುಳಿಗೆ ಕಲ್ಚಟ್ಟಿ, ಮಿಕ್ಕ ಪಾತ್ರೆಗಳಿಗೆ ಕಲಾಯಿ. ಬೀದಿಯಲ್ಲಿ ತಿದಿಯೊತ್ತುತ್ತ ಕುಳಿತು ಕಲಾಯಿ ಹಾಕುವವನ ಸುತ್ತ ಮಕ್ಕಳು ನೆರೆಯುತ್ತಿದ್ದ ಕಾಲ, ಸ್ಟೇನ್‌ಲೆಸ್ ಸ್ಟೀಲು ಬಂದ ಮೇಲೆ ಮುಗಿಯಿತು. ಹಬೆಯನ್ನು ಬಿಗಿಹಿಡಿದು ಬೇಯಿಸುವ ಪಾತ್ರೆಯನ್ನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿಯೇ ಲಂಡನ್ನಿನಲ್ಲಿ ಸಿದ್ಧಪಡಿಸಿದ್ದನು. ಅದರ ಮರಿಮಗನಾದ ಪ್ರೆಷರ್ ಕುಕ್ಕರ್ 1950ರ ದಶಕದ ಕೊನೆಯ ಹೊತ್ತಿಗೆ ನಮ್ಮ ದೇಶದಲ್ಲಿಯೇ ತಯಾರಾಗತೊಡಗಿತು. ಗಂಟೆಯ ಕೆಲಸ ಕಾಲು ಗಂಟೆಗೆ ಇಳಿಯಿತು. ಆದರೂ ನೋಡಿ: ಕುಕ್ಕರಿನಲ್ಲಿ ಬೇಳೆ ಬೆಂದ ಮೇಲೆಯೇ ಇಂದಿಗೂ ಹುಣಿಸೆರಸ ಬೀಳುವುದು, ಒಳಕಲ್ಲು ಹೋಗಿ ಮಿಕ್ಸಿ ಬಂದರೂ ಕಡೆಗೊಂದು ಒಗ್ಗರಣೆ ಇಲ್ಲದೆ ಚಟ್ನಿ ಪೂರ್ತಿಯಾಗುವುದಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಹೊಗಳಬೇಕೆಂಬುದು ನನ್ನ ಮತವಲ್ಲ. ಬಿಡದ ಅಭ್ಯಾಸಗಳಲ್ಲಿ ಬಿಡಬೇಕಾದವೂ ಇವೆ. ಕಿಟಕಿಯಿಲ್ಲದ ಮೂಲೆಯಲ್ಲಿ ಹಸಿ ಸೌದೆಯ ಹೊಗೆ ಕುಡಿಯುತ್ತ ತಲೆತಲಾಂತರದ ಹೆಂಗಸರು ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿಕೊಂಡರು. ಅದನ್ನು ಸಂಪ್ರದಾಯವೆಂದು ಕರೆಯುವುದು ನಿರ್ದಯೆ. ಮನೆಯವರೆಲ್ಲ ಉಂಡ ಮೇಲೆ ತಪ್ಪಲೆಯ ತಳದಲ್ಲಿ ಉಳಿದದ್ದನ್ನು ಅಡಿಗೆ ಮಾಡಿದವಳು ಉಣ್ಣಬೇಕೆಂಬ ಪದ್ಧತಿ ಅನೇಕ ಮನೆಗಳಲ್ಲಿ ಸದ್ದಿಲ್ಲದೆ ಇಂದಿಗೂ ನಡೆದಿದೆ. ಮುಸುರೆಯೆಂಬ ವಿಚಾರ ಮೊದಲಿಗೆ ವಿವೇಕದ್ದೇ ಇದ್ದಿರಬಹುದು. ನೀರಿನಲ್ಲಿ ಬೆಂದ ಅನ್ನ ನಮ್ಮ ಹವೆಯಲ್ಲಿ ಬೇಗ ಹಳಸುತ್ತದೆ, ಹುರಿದದ್ದು ಕರಿದದ್ದು ತಾಳುತ್ತದೆ. ಅದೇ ವಿಚಾರ ಮುಂದೆ ಯಾರ ಕೈಯ ಅನ್ನವನ್ನು ಯಾರು ಮುಟ್ಟಬಾರದೆಂಬ ಗೋಡೆಯಾಗಿ ನಿಂತಿತು. ಬೇಳೆ ಬೇಯುವ ಮುನ್ನ ಹುಣಿಸೆ ಹಾಕಬಾರದೆಂಬುದಕ್ಕೆ ಕಾರಣವುಂಟು. ನೆರೆಯವನೊಡನೆ ಕುಳಿತು ಉಣ್ಣಬಾರದೆಂಬುದಕ್ಕೆ ಕಾರಣವಿಲ್ಲ. ಕಾರಣವನ್ನು ಕೇಳಿ ನೋಡುವುದೇ ಜೊಳ್ಳನ್ನು ಕೇರುವ ಮೊರ.

ಆದರೆ ಕೇಳುವುದಕ್ಕೆ ಹೇಳುವವರು ಇರಬೇಕಲ್ಲ! ಚಾವುಂಡರಾಯನು ಬರೆದಿಡದಿದ್ದರೆ ಅಕ್ಕಿಯಿಲ್ಲದ ಇಡ್ಡಲಿಗೆಯೊಂದಿತ್ತೆಂದು ನಮಗೆ ತಿಳಿಯುತ್ತಿರಲಿಲ್ಲ. ಬರೆಯದೆ ಹೋದವು ಎಷ್ಟೋ! ಮಲೆನಾಡಿನಲ್ಲಿ ಮುರುಗಲು, ವಾಟೆಹುಳಿಗಳನ್ನು ಒಣಗಿಸಿಡುವ ಕ್ರಮ, ಉತ್ತರದ ಸೀಮೆಯಲ್ಲಿ ರೊಟ್ಟಿಯ ಹಿಟ್ಟಿಗೆ ಬಿಸಿನೀರು ಹೊಯ್ಯುವ ಹದ, ಮೈಸೂರು ಸೀಮೆಯಲ್ಲಿ ಮುದ್ದೆ ಗಂಟಾಗದಂತೆ ತೊಳಸುವ ವರಸೆ ಇವೆಲ್ಲ ಇನ್ನೂ ಕೈಗಳಲ್ಲಿವೆ; ಆ ಕೈಗಳಿಗೆ ವಯಸ್ಸಾಗುತ್ತಿದೆ. ‘ಎಷ್ಟು ಉಪ್ಪು?’ ಎಂದರೆ ಅಜ್ಜಿ ‘ಕಣ್ಣಂದಾಜು’ ಎನ್ನುತ್ತಾಳೆ. ಆ ಅಂದಾಜನ್ನು ಪಕ್ಕದಲ್ಲಿ ನಿಂತು ಅಳೆದು ಬರೆದುಕೊಳ್ಳುವುದು ಮೊಮ್ಮಕ್ಕಳ ಕೆಲಸ. ಅದನ್ನು ಹೆಣ್ಣುಮಕ್ಕಳಿಗೆ ಮಾತ್ರ ಬಿಡಬೇಕಾಗಿಲ್ಲ. ‘ಸೂಪಶಾಸ್ತ್ರ’ವನ್ನು ಬರೆದ ಮಂಗರಸನು ಗಂಡಸೇ ಆಗಿದ್ದನು. ಬರುವ ಭಾನುವಾರ ಮನೆಯ ಹಿರಿಯರನ್ನು ಒಲೆಯ ಬಳಿ ಕೂರಿಸಿಕೊಂಡು ಒಂದು ಸಾರಿನ ಪುಡಿಯ ಲೆಕ್ಕವನ್ನಾದರೂ, ಹೀಗೇಕೆಂಬ ಕಾರಣದೊಡನೆ, ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಅದು ಆ ಮನೆಯ ಮೊದಲನೆಯ ಶಾಸನವಾದೀತು.